ಜೀರಾ ಸೋಡಾ ಮಾಡ್ಲಿಕ್ಕೆ ಹೊರಟ ಎರಡು ಬೇಸಿಗೆ

ಕಳೆದ ತಿಂಗಳು ನಮ್ಮ ಫಿಲ್ಲಿಂಗ್ ಮಿಷನ್ ಪಿಕಪ್ ಹತ್ತಿ ಘಾಟಿ ಮೇಲೆ ಹೋಯ್ತು. ತಗೊಂಡವರು ಬಾರ್‌ಗಳಿಗೆ ಬರೀ ಸೋಡಾ ಸಪ್ಲೈ ಮಾಡುವವರು, ಸಕ್ಕರೆ ಇಲ್ಲ, ಫ್ಲೇವರ್ ಇಲ್ಲ, ನೀರು ಮತ್ತೆ ಗ್ಯಾಸು ಅಷ್ಟೇ. ನನಗಿಂತ ಬುದ್ಧಿವಂತರು ಅಂತ ನೋಡಿದ ಕೂಡ್ಲೇ ಗೊತ್ತಾಯ್ತು, ಯಾಕೆ ಅಂತ ಮುಂದೆ ಹೇಳ್ತೇನೆ. ಅದೇ ವಾರ ನಮ್ಮ ಊರಿನ ಇಬ್ಬರು ಹುಡುಗರು ಬೈಕಲ್ಲಿ ಬಂದು, ಅಣ್ಣ ನಾವು ಒಂದು ಕೂಲ್‌ಡ್ರಿಂಕ್ಸ್ ಬ್ರ್ಯಾಂಡ್ ಮಾಡುವ ಅಂತ ಉಂಟು, ಬಂಡವಾಳ ಎಷ್ಟು ಬೇಕು, ಲಾಭ ಎಷ್ಟು ಪರ್ಸೆಂಟು ಅಂತ ಕೇಳಿದ್ರು. ಜಗಲಿಯಲ್ಲಿ ಕೂರಿಸಿ ಎರಡು ಗಂಟೆ ಮಾತಾಡಿದೆ, ಆದ್ರೂ ಅರ್ಧ ಬಿಟ್ಟುಹೋಯ್ತು ಅಂತ ಆಮೇಲೆ ಅನ್ನಿಸ್ತು, ಹಾಗಾಗಿ ಬರೆದೇ ಇಡುವ ಅಂತ.

ನನಗೆ ಈ ಹುಚ್ಚು ಹತ್ತಿದ್ದು ಸೋದರಮಾವನಿಂದ. ಮಾವನಿಗೆ ಪೇಟೆಯ ಬಸ್‌ಸ್ಟ್ಯಾಂಡ್ ಹಿಂದೆ ಗೋಲಿ ಸೋಡಾದ ಮಿಷನ್ ಇತ್ತು. ಬಾಟ್ಲಿಯನ್ನು ಮಿಷನ್ನಿಗೆ ಸಿಕ್ಕಿಸಿ ಹಿಡಿ ಹಿಡಿದು ತಿರುಗಿಸುದು, ಬಾಟ್ಲಿ ತಲೆಕೆಳಗಾಗುವಾಗ ಗೋಲಿ ಕುತ್ತಿಗೆಗೆ ಬಂದು ಬೀಳುದು, ಒಳಗಿನ ಗ್ಯಾಸು ಅದನ್ನು ರಬ್ಬರ್ ವಾಶರಿಗೆ ಒತ್ತಿ ಹಿಡಿಯುದು. ಮುಚ್ಚಳ ಅಂತ ಬೇರೆ ಇಲ್ಲ, ಗ್ಯಾಸೇ ಬೀಗ. ಹೈರಮ್ ಕಾಡ್ ಅಂತ ಒಬ್ಬ ಇಂಗ್ಲೆಂಡಿನವ 1870ರ ಹೊತ್ತಿಗೆ ತಲೆ ಓಡಿಸಿ ಮಾಡಿದ ಬಾಟ್ಲಿ ಅದು, ಅವನ ದೇಶದಲ್ಲಿ ಅದು ಅಂಗಡಿಯಿಂದ ಹೋಗಿ ಎಷ್ಟೋ ಕಾಲ ಆದ್ಮೇಲೂ ನಮ್ಮಲ್ಲಿ ಇತ್ತು. ರಜೆಯಲ್ಲಿ ಹೋದಾಗ ನನ್ನ ಕೆಲಸ ಬಾಟ್ಲಿ ತೊಳೆಯುದು. ಒಂದು ಸಲ ಬಾಟ್ಲಿ ಸಿಡಿದು ಮಾವನ ಹುಬ್ಬಿನ ಮೇಲೆ ಮೂರು ಸ್ಟಿಚ್ ಬಿದ್ದಿತ್ತು, ಆ ಗುರುತು ಈಗಲೂ ಉಂಟು.

ಮಾವ ಒಂದು ಕಥೆಯನ್ನು ಸಾವಿರ ಸಲ ಹೇಳಿರಬಹುದು. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟದ್ದು. ಆಗ ಕೇಂದ್ರದಲ್ಲಿ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್, ನಮ್ಮ ಮಂಗಳೂರಲ್ಲೇ ಹುಟ್ಟಿದವರು. ಫೆರಾ ಅಂತ ವಿದೇಶಿ ವಿನಿಮಯದ ಕಾಯ್ದೆ ಪ್ರಕಾರ ವಿದೇಶಿ ಪಾಲು 40 ಪರ್ಸೆಂಟಿಗೆ ಇಳಿಸ್ಬೇಕು, ಫಾರ್ಮುಲಾನೂ ಕೊಡ್ಬೇಕು ಅಂತ ಆದಾಗ ಕಂಪನಿಯವರು ಅಂಗಡಿ ಮುಚ್ಚಿ ಹೋದ್ರು. ಮಾವನಿಗೆ ಅದು ತನ್ನ ಸೋಡಾ ಮಿಷನ್ ಕಾಪಾಡ್ಲಿಕ್ಕೇ ಮಾಡಿದ ಹಾಗೆ. ಆ ಖಾಲಿ ಜಾಗಕ್ಕೆ ಪಾರ್ಲೆಯವರ ಥಮ್ಸ್ ಅಪ್ ಬಂತು, ಪ್ಯೂರ್ ಡ್ರಿಂಕ್ಸ್‌ನವರ ಕ್ಯಾಂಪಾ ಕೋಲಾ ಬಂತು, ಸರಕಾರವೇ 77 ಅಂತ ಒಂದು ಕೋಲಾ ತಂದಿತ್ತು. 1993ರಲ್ಲಿ ಕೋಕಾ ಕೋಲಾ ವಾಪಸ್ ಬಂತು, ಬಂದದ್ದೇ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲ ಪಾರ್ಲೆಯಿಂದ ಖರೀದಿ ಮಾಡಿತು. ರುಚಿ ತಗೊಂಡ್ರು ಅಂತ ನಾನು ತುಂಬ ವರ್ಷ ತಿಳ್ಕೊಂಡಿದ್ದೆ. ಈಗ ಎರಡು ಬೇಸಿಗೆ ಈ ಬಿಸಿನೆಸ್ ಮಾಡಿದ ಮೇಲೆ ಗೊತ್ತಾಗುದು, ಅವರಿಗೆ ಬೇಕಾಗಿದ್ದದ್ದು ಆ ಬಾಟ್ಲಿಂಗ್ ಪ್ಲಾಂಟುಗಳು, ಲಾರಿಗಳು, ಅಂಗಡಿ ಅಂಗಡಿಯ ಪರಿಚಯ. ರುಚಿ ಅದರ ಜೊತೆಗೆ ಬಂದದ್ದು.

ಮಾರದೇ ಉಳ್ಕೊಂಡವರೂ ಇದ್ದಾರೆ. ತಮಿಳುನಾಡಿನ ಕಾಳಿಮಾರ್ಕ್‌ನವರು 1916ರಿಂದ ಇರುವವರು, ಅವರ ಬೊವೊಂಟೊ ಅಂತ ದ್ರಾಕ್ಷಿ ವಾಸನೆಯ ಒಂದು ಡ್ರಿಂಕ್ ಉಂಟು, ಅಲ್ಲಿಯವರು ಅದನ್ನು ಬಿಟ್ಟುಕೊಡುದಿಲ್ಲ. ಜಲ್ಲಿಕಟ್ಟು ಗಲಾಟೆ ಆದ ವರ್ಷ, 2017ರ ಮಾರ್ಚ್‌ನಿಂದ ಅಲ್ಲಿನ ವ್ಯಾಪಾರಿ ಸಂಘಗಳು ಪೆಪ್ಸಿ ಕೋಕ್ ಮಾರುದಿಲ್ಲ ಅಂತ ನಿರ್ಧಾರ ಮಾಡಿದಾಗ ಕೈಗೆ ಸಿಕ್ಕಿದ್ದು ಬೊವೊಂಟೊ. ಸೂರತ್‌ನಲ್ಲಿ ಸೋಸ್ಯೋ ಅಂತ 1923ರದ್ದು ಒಂದುಂಟು, ಅವರೂ 2023ರಲ್ಲಿ ಅರ್ಧ ಪಾಲನ್ನು ರಿಲಯನ್ಸಿಗೆ ಕೊಟ್ರು. ಇದೆಲ್ಲ ಓದಿ ಓದಿ ನನ್ನ ತಲೆಯಲ್ಲಿ ಪ್ರತಿ ಊರಿಗೂ ಒಂದು ಸೋಡಾ ಅಂತ ಕೂತುಬಿಟ್ಟಿತ್ತು.

ಮತ್ತೆ ನಮ್ಮ ಪಕ್ಕದಲ್ಲೇ ಪುತ್ತೂರು. ಬಿಂದು ಜೀರಾದ ಕಥೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಸತ್ಯಶಂಕರ್ ಅವರು ಬೆಳ್ಳಾರೆಯವರು, ಆಟೋ ಓಡಿಸ್ತಿದ್ದವರು, ಆಮೇಲೆ ಪುತ್ತೂರಿಗೆ ಬಂದು ವಾಹನದ ಬಿಡಿಭಾಗದ ಅಂಗಡಿ ಅದು ಇದು ಅಂತ ಬೆಳೆದವರು, 2000ದಲ್ಲಿ ಬಿಂದು ಅಂತ ಹೇಳಿ ನೀರಿನ ಬಾಟ್ಲಿ ಶುರು ಮಾಡಿದ್ರು, 2002ರಲ್ಲಿ ಜೀರಾ ಮಸಾಲ ಸೋಡಾ. ಉತ್ತರ ಭಾರತದ ಕಡೆ ಹೋದಾಗ ಸೋಡಾಕ್ಕೆ ಜೀರಿಗೆ ಉಪ್ಪು ಹಾಕಿ ಕುಡಿಯುದು ನೋಡಿ ಬಂದ ಐಡಿಯಾ ಅಂತೆ. ನರಿಮೊಗರಲ್ಲಿ ಫ್ಯಾಕ್ಟರಿ. ನಾನು ಎಷ್ಟು ಸಲ ಆ ರಸ್ತೆಯಲ್ಲಿ ಬೈಕಲ್ಲಿ ಹೋಗಿದ್ದೇನೆ ಅಂತ ಲೆಕ್ಕ ಇಲ್ಲ, ಹೋಗುವಾಗೆಲ್ಲ ಒಂದೇ ಯೋಚನೆ, ಅವರಿಗೆ ಆದದ್ದು ನನಗೆ ಯಾಕೆ ಆಗ್ಬಾರ್ದು. ಈಗ ನೋಡಿದ್ರೆ ಆ ಕಥೆಯ ಮುಖ್ಯ ಭಾಗವನ್ನೇ ನಾನು ಹಾರಿಸಿ ಓದಿದ್ದು. ಮೊದಲು ನೀರು, ಎರಡು ವರ್ಷ ಬಿಟ್ಟು ಜೀರಾ. ನೀರು ಹೋಗುವ ದಾರಿಯಲ್ಲೇ ಜೀರಾ ಹೋದದ್ದು. ನನಗೆ ದಾರಿ ಇರ್ಲಿಲ್ಲ, ಜೀರಾ ಮಾತ್ರ ಇತ್ತು.

ಸರಿ, 2022ರ ಮಳೆಗಾಲದಲ್ಲಿ ಕೆಲಸ ಶುರು ಮಾಡಿದ್ದು. ಅಡಿಕೆಗೆ ಆಗ ಒಳ್ಳೆ ರೇಟ್ ಇತ್ತು, ಕೈಯಲ್ಲಿ ಸ್ವಲ್ಪ ಇತ್ತು, ಉಳಿದದ್ದಕ್ಕೆ ತೋಟದ ಮೇಲೆ ಲೋನ್. ಹಳೆ ಅಡಿಕೆ ಕೊಟ್ಟಿಗೆಯನ್ನು ಟೈಲ್ಸ್ ಹಾಕಿ, ಸೀಲಿಂಗ್ ಮಾಡಿ, ನೆಟ್ ಹೊಡೆದು ಯೂನಿಟ್ ಮಾಡಿದ್ವಿ. ಫುಡ್ ಲೈಸೆನ್ಸಿಗೆ ಆನ್‌ಲೈನಲ್ಲೇ ಅರ್ಜಿ. ಆಗಿನ ಲೆಕ್ಕದಲ್ಲಿ ವರ್ಷಕ್ಕೆ 12 ಲಕ್ಷ ವ್ಯಾಪಾರದ ಒಳಗೆ ಇದ್ರೆ ರಿಜಿಸ್ಟ್ರೇಶನ್ ಸಾಕು, ವರ್ಷಕ್ಕೆ 100 ರೂಪಾಯಿ ಫೀಸು, ಅದಕ್ಕಿಂತ ಮೇಲೆ ಸ್ಟೇಟ್ ಲೈಸೆನ್ಸು. ನಾವು ಸ್ಟೇಟ್ ಲೈಸೆನ್ಸಿಗೇ ಹಾಕಿದ್ದು. ಯೂನಿಟ್ಟಿನ ನಕ್ಷೆ, ಮಿಷನ್ ಪಟ್ಟಿ, ನೀರಿನ ಟೆಸ್ಟ್ ರಿಪೋರ್ಟ್ ಕೊಡ್ಬೇಕು, ನೋಡ್ಲಿಕ್ಕೆ ಬಂದವರು ಡ್ರೈನೇಜ್ ಎಲ್ಲಿ, ಕೈ ತೊಳೆಯುದು ಎಲ್ಲಿ ಅಂತ ಕೇಳಿದ್ರು, ಒಂದೆರಡು ತಿದ್ದಿದ್ವಿ, ಆಯ್ತು. ಜನ ಹೆದರಿಸಿದಷ್ಟು ರಗಳೆ ಇರ್ಲಿಲ್ಲ.

ಹೆಸರಿಂದೇ ದೊಡ್ಡ ಪಂಚಾತಿಗೆ. ಟ್ರೇಡ್‌ಮಾರ್ಕ್‌ನಲ್ಲಿ ಡ್ರಿಂಕ್ಸಿಗೆ ಕ್ಲಾಸ್ 32, ನಮ್ಮಂಥ ಸಣ್ಣವರಿಗೆ ಆನ್‌ಲೈನ್ ಫೀಸು 4500. ಅರ್ಜಿ ಹಾಕುವ ಮೊದಲು ಅಲ್ಲಿ ಹುಡುಕ್ಬೇಕು. ಮಗಳ ಹೆಸರು ಹುಡುಕಿದೆ, ಯಾರೋ ತಗೊಂಡಿದ್ದಾರೆ. ಹೊಳೆಯ ಹೆಸರು, ತಗೊಂಡಿದ್ದಾರೆ. ಹನಿ, ತುಂತುರು, ತಂಪು, ತಂಗಾಳಿ, ನಿಮಗೆ ಹೊಳೆಯುವ ಎಲ್ಲ ತಂಪಾದ ಹೆಸರು ಯಾರದ್ದೋ ಕೈಯಲ್ಲಿ ಉಂಟು ಅಂತ ತಿಳ್ಕೊಳ್ಳಿ. ಕೊನೆಗೆ ಒಂದು ಸಿಕ್ಕಿತು, ಅದನ್ನು ಇಲ್ಲಿ ಬರೆಯುದಿಲ್ಲ, ಬರೆದ್ರೂ ನಿಮಗೆ ಗೊತ್ತಿರ್ಲಿಕ್ಕಿಲ್ಲ. ಅರ್ಜಿ ಒಪ್ಪಿದ ಮೇಲೂ ಜರ್ನಲ್‌ನಲ್ಲಿ ಹಾಕಿ ನಾಲ್ಕು ತಿಂಗಳು ಕಾಯ್ಬೇಕು, ಯಾರಾದ್ರೂ ಆಕ್ಷೇಪ ಹಾಕ್ತಾರಾ ಅಂತ. ನಾವು ಕಾಯದೆ ಲೇಬಲ್ ಪ್ರಿಂಟ್ ಹೊಡೆಸಿದ್ವಿ. ಅದರಲ್ಲಿ ಮಾತ್ರ ಅದೃಷ್ಟ ಚೆನ್ನಾಗಿತ್ತು.

ಇನ್ನು ಒಳಗೆ ಎಂತ ತುಂಬಿಸುದು ಅಂತ. ಜೀರಾ ಸೋಡಾ ಮನೆಯಲ್ಲಿ ಗ್ಲಾಸಲ್ಲಿ ಮಾಡುದು ಎರಡು ನಿಮಿಷದ ಕೆಲಸ, ಹುರಿದ ಜೀರಿಗೆ ಪುಡಿ, ಕಪ್ಪುಪ್ಪು, ಲಿಂಬೆ, ಸಕ್ಕರೆ, ಮೇಲಿಂದ ಸೋಡಾ. ಅದನ್ನೇ ಬಾಟ್ಲಿಯಲ್ಲಿ ಮಾಡುವ ಅಂತ ಹೊರಟೆ. ಮೊದಲ ಟ್ರಯಲ್ ದಿನ ಜೀರಿಗೆ ಕುದಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಪಾಕಕ್ಕೆ ಹಾಕಿ ಗ್ಯಾಸ್ ಹೊಡೆದು ತುಂಬಿಸ್ಲಿಕ್ಕೆ ಶುರು ಮಾಡಿದ್ದೇ, ಬಾಟ್ಲಿಯಿಂದ ನೊರೆ ಉಕ್ಕಿ ನೆಲ, ಗೋಡೆ, ನನ್ನ ಅಂಗಿ ಎಲ್ಲ ಜೀರಿಗೆ. ಅರ್ಧ ಬಾಟ್ಲಿನೂ ತುಂಬುದಿಲ್ಲ. ನೀರಲ್ಲಿ ಕರಗಿದ ಗ್ಯಾಸಿಗೆ ಹೊರಗೆ ಬರ್ಲಿಕ್ಕೆ ಒಂದು ಕಣ ಸಿಕ್ಕಿದ್ರೆ ಸಾಕು, ಅದನ್ನು ಹಿಡ್ಕೊಂಡು ಗುಳ್ಳೆ ಕಟ್ತದೆ, ಬಟ್ಟೆಯಲ್ಲಿ ಸೋಸಿದ ಜೀರಿಗೆ ನೀರಲ್ಲಿ ಅಂಥ ಕಣ ಲಕ್ಷಗಟ್ಲೆ. ಮಂಗಳೂರಲ್ಲಿ ಫ್ಲೇವರ್ ಮಾರುವ ಒಬ್ಬರು ನಗಾಡಿದ್ರು, ಸೋಡಾಕ್ಕೆ ಜೀರಿಗೆ ಹಾಕುದಲ್ಲ ಮಾರಾಯ್ರೆ, ಜೀರಿಗೆಯ ಎಕ್ಸ್‌ಟ್ರಾಕ್ಟ್ ಹಾಕುದು, ಪಾಕವನ್ನು ಸಣ್ಣ ಫಿಲ್ಟರಲ್ಲಿ ಹಾಯಿಸಿ ಕನ್ನಡಿ ಹಾಗೆ ಮಾಡ್ಬೇಕು ಅಂತ. ಇನ್ನೊಂದು, ನೀರು ತಣ್ಣಗಿದ್ದಷ್ಟು ಗ್ಯಾಸ್ ಜಾಸ್ತಿ ಹಿಡಿತದೆ, ಬೆಚ್ಚಗಾದ್ರೆ ಬಿಟ್ಟುಹಾಕ್ತದೆ, ಆದ್ರಿಂದ ಚಿಲ್ಲರ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ನಾನು ಚಿಲ್ಲರ್‌ನಲ್ಲಿ ಉಳಿಸ್ಲಿಕ್ಕೆ ನೋಡಿ ಸಣ್ಣದು ತಂದೆ, ಮಾರ್ಚ್ ತಿಂಗಳ ಸೆಕೆಯಲ್ಲಿ ಮಧ್ಯಾಹ್ನ ಮೇಲೆ ಅದು ಸೋಲ್ತಿತ್ತು, ಹಾಗಾಗಿ ಬೆಳಗ್ಗೆ 4 ಗಂಟೆಗೆ ಎದ್ದು ತುಂಬಿಸುದು.

ಎಲ್ಲಕ್ಕಿಂತ ನಾಚಿಕೆಗೇಡು ಬಾಟ್ಲಿದು. ಕಡಿಮೆಗೆ ಸಿಗ್ತದೆ ಅಂತ ನೀರಿಗೆ ಬಳಸುವ ನಮೂನೆಯ, ಅಡಿ ಚಪ್ಪಟೆ ಇರುವ ಬಾಟ್ಲಿ 8 ಸಾವಿರ ತರಿಸಿದೆ. ತುಂಬಿಸಿ, ಮುಚ್ಚಳ ಹಾಕಿ, ಲೇಬಲ್ ಅಂಟಿಸಿ, ಚಂದ ಮಾಡಿ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗ್ದು ಫ್ಯಾಮಿಲಿ ಗ್ರೂಪಿಗೂ ಹಾಕಿದೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದ್ರೆ ಒಂದೂ ನಿಂತಿಲ್ಲ, ಎಲ್ಲ ಮಗುಚಿ ಬಿದ್ದಿವೆ. ಗ್ಯಾಸಿನ ಒತ್ತಡಕ್ಕೆ ಅಡಿ ಹೊರಗೆ ಉಬ್ಬಿ ಬಾಟ್ಲಿಗಳು ಬುಗುರಿ ಹಾಗೆ ಆಗಿದ್ವು. ಆ ದಿನ ಮೊದಲ ಸಲ ನಾನು ಸಾಫ್ಟ್‌ಡ್ರಿಂಕ್ ಬಾಟ್ಲಿಯ ಅಡಿ ತಿರುಗಿಸಿ ನೋಡಿದ್ದು, ಅಲ್ಲಿ ಹೂವಿನ ಎಸಳಿನ ಹಾಗೆ ಐದು ಕಾಲು ಉಂಟಲ್ಲ, ಅದು ಚಂದಕ್ಕೆ ಅಲ್ಲ. ಐವತ್ತು ವರ್ಷ ಹತ್ರ ಆಗ್ತಾ ಬಂತು ನನಗೆ, ಎಷ್ಟು ಬಾಟ್ಲಿ ಕುಡಿದಿದ್ದೇನೆ, ಒಮ್ಮೆಯಾದ್ರೂ ಯೋಚನೆ ಬರ್ಲಿಲ್ಲ ನೋಡಿ. ಮಾವ ಬಂದು ಅದನ್ನೆಲ್ಲ ನೋಡಿ ಎಂತದೂ ಹೇಳ್ಲಿಲ್ಲ, ಒಂದು ಬಾಟ್ಲಿ ಎತ್ತಿ ನೆಲದ ಮೇಲೆ ತಿರುಗಿಸಿದ್ರು, ಚಂದ ತಿರುಗಿತು.

2023ರ ಫೆಬ್ರವರಿ ಕೊನೆಗೆ ಸರಿಯಾದ ಮಾಲು ಹೊರಗೆ ಬಂತು. 200 ಎಂಎಲ್, 10 ರೂಪಾಯಿ, ಒಂದು ಕೇಸಲ್ಲಿ 30. ರುಚಿ ಚೆನ್ನಾಗಿತ್ತು, ಅದು ನನ್ನ ಹೆಮ್ಮೆ ಅಲ್ಲ, ಕುಡಿದವರೆಲ್ಲ ಹೇಳಿದ್ದು. ಈಗ ಲೆಕ್ಕ ಕೇಳಿ, ಹುಡುಗರಿಗೆ ಇದನ್ನೇ ಮೊದಲು ಪೇಪರಲ್ಲಿ ಬರೆದು ತೋರಿಸಿದ್ದು. ಅಂಗಡಿಯವರಿಗೆ ನಾನು ಕೊಡುದು ಏಳೂವರೆಗೆ, ಹೊಸ ಮಾಲಲ್ವಾ, ಎರಡೂವರೆ ಬಿಡದಿದ್ರೆ ಅವರು ತಿರುಗಿ ನೋಡುದಿಲ್ಲ. ಆ ಏಳೂವರೆಯಲ್ಲಿ ಟ್ಯಾಕ್ಸ್ ಒಳಗೇ ಉಂಟು. ಸಕ್ಕರೆ ಹಾಕಿದ ಗ್ಯಾಸ್ ಡ್ರಿಂಕಿಗೆ ಆಗ ಜಿಎಸ್‌ಟಿ 28, ಅದರ ಮೇಲೆ ಸೆಸ್ 12, ಒಟ್ಟು 40. ಕೋಲಾಕ್ಕೂ ಅಷ್ಟೇ, ಕೊಟ್ಟಿಗೆಯಲ್ಲಿ ಮಾಡಿದ ಜೀರಾಕ್ಕೂ ಅಷ್ಟೇ. ಸಣ್ಣ ವ್ಯಾಪಾರಿಗಳಿಗೆ ಕಾಂಪೊಸಿಶನ್ ಅಂತ ಒಂದು ಸುಲಭದ ಸ್ಕೀಮ್ ಉಂಟಲ್ಲ, ಪಾನ್ ಮಸಾಲ ಐಸ್‌ಕ್ರೀಮಿನ ಜೊತೆಗೆ ಇದನ್ನೂ 2019ರಿಂದ ಅದರ ಹೊರಗೆ ಇಟ್ಟಿದ್ದಾರೆ. ಏಳೂವರೆಯಿಂದ ಟ್ಯಾಕ್ಸ್ ತೆಗೆದ್ರೆ ನನ್ನ ಕೈಗೆ 5 ರೂಪಾಯಿ 36 ಪೈಸೆ. ಅದರಲ್ಲಿ ಬಾಟ್ಲಿ, ಮುಚ್ಚಳ, ಲೇಬಲ್ ಸೇರಿ 2.60. ಸಕ್ಕರೆ ಬಾಟ್ಲಿಗೆ ಸುಮಾರು 20 ಗ್ರಾಂ, 85 ಪೈಸೆ. ಜೀರಾ, ಉಪ್ಪು, ಹುಳಿ, ಗ್ಯಾಸ್ 35 ಪೈಸೆ. ಕರೆಂಟು, ಆಳು, ಪ್ಯಾಕಿಂಗ್ 70. ಒಟ್ಟು ನಾಲ್ಕೂವರೆ. ಉಳಿದದ್ದು 86 ಪೈಸೆ. ಆಮೇಲೆ ಸ್ಕೀಮ್, 10 ಕೇಸ್ ತಗೊಂಡ್ರೆ 1 ಫ್ರೀ, ಅದು ಎಲ್ಲರೂ ಕೊಡ್ತಾರೆ, ಕೊಡ್ಲೇಬೇಕು, ಅದಕ್ಕೆ ಬಾಟ್ಲಿಗೆ 45 ಪೈಸೆ ಹೋಯ್ತು. 41 ಪೈಸೆ. ದಿನಕ್ಕೆ 100 ಕೇಸ್ ಹೋದ್ರೆ 1230 ರೂಪಾಯಿ, ಪಿಕಪ್ಪಿನ ಡೀಸೆಲ್ಲು, ಡ್ರೈವರ್ ಸಂಬಳ, ಲೋನಿನ ಬಡ್ಡಿ ಎಲ್ಲ ಅದರೊಳಗೆ. ನೀವೇ ನೋಡಿ.

ಮಿಷನ್ ತಗೊಂಡವರನ್ನು ಬುದ್ಧಿವಂತರು ಅಂದದ್ದು ಇದಕ್ಕೇ. ಸಕ್ಕರೆ ಫ್ಲೇವರ್ ಇಲ್ಲದ ಸೋಡಾಕ್ಕೆ ಆಗ ಟ್ಯಾಕ್ಸ್ 18 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5 ಆಗಿದೆ. ಸಿಹಿ ಸೋಡಾಕ್ಕೆ ಸೆಸ್ ತೆಗ್ದು ನೇರ 40 ಮಾಡಿದ್ದಾರೆ, ಅಂದ್ರೆ ಅಲ್ಲಿಗಲ್ಲಿಗೇ.

ಇನ್ನು ಮಾರಾಟ. ನಾನು ಒಂದು ನೋಟ್‌ಬುಕ್ಕಲ್ಲಿ ಲೈನ್ ಬರೆದಿದ್ದೆ, ಸೋಮವಾರ ಈ ರಸ್ತೆ, ಮಂಗಳವಾರ ಆ ರಸ್ತೆ ಅಂತ, ಒಟ್ಟು 140 ಅಂಗಡಿ. ಮೊದಲ ವಾರ ಎಲ್ಲರೂ ತಗೊಂಡ್ರು, ಊರಿನವ, ಪರಿಚಯ ಉಂಟು, ಒಂದೊಂದು ಕೇಸ್ ಇಡಿ ಅಂತ. ನಾನು ಮನೆಗೆ ಬಂದು ಹೆಂಡತಿಗೆ ಸ್ಪೀಡಲ್ಲಿ ಖಾಲಿ ಆಗ್ತಾ ಉಂಟು ಅಂತ ಹೇಳಿದೆ. ಎರಡನೇ ವಾರ ಹೋದ್ರೆ ಕೇಸ್ ಹಾಗೇ ಉಂಟು, ಎಲ್ಲಿ, ಅಂಗಡಿಯ ಹೊರಗೆ, ಬಿಸಿಲಲ್ಲಿ, ಗೋಣಿ ಮೇಲೆ. ಫ್ರಿಡ್ಜಲ್ಲಿ ಯಾಕೆ ಇಡ್ಲಿಲ್ಲ ಅಂತ ಕೇಳಿದೆ. ಅಂಗಡಿಯವರು ಫ್ರಿಡ್ಜ್ ತೋರಿಸಿದ್ರು. ಅದು ದೊಡ್ಡ ಕಂಪನಿಯ ಫ್ರಿಡ್ಜ್, ಬಾಗಿಲಿನ ಮೇಲೆ ಅವರ ಬೋರ್ಡು, ಒಳಗೆ ಲೈಟು. ಬೇರೆಯವರ ಮಾಲು ಇಟ್ರೆ ಫ್ರಿಡ್ಜ್ ವಾಪಸ್ ತಗೊಂಡು ಹೋಗ್ತಾರೆ ಭಟ್ರೆ, ಒಂದೆರಡು ಬೇಕಾದ್ರೆ ಅಡಿಯಲ್ಲಿ ಮೊಸರಿನ ಹಿಂದೆ ಇಡ್ತೇನೆ ಅಂದ್ರು. ಅವರದ್ದು ತಪ್ಪಲ್ಲ, ಫ್ರಿಡ್ಜ್ ಕೊಟ್ಟವರದ್ದೂ ತಪ್ಪು ಅಂತ ಹೇಳ್ಲಿಕ್ಕಾಗುದಿಲ್ಲ, ಆದ್ರೆ ಬಿಸಿ ಜೀರಾ ಸೋಡಾವನ್ನು ಜಗತ್ತಲ್ಲಿ ಯಾರೂ ಕುಡಿಯುದಿಲ್ಲ. ರುಚಿಗೆ ನಾನು ಆರು ತಿಂಗಳು ತಲೆ ಕೆಡಿಸ್ಕೊಂಡಿದ್ದೆ, ಒಂದು ಅಡಿ ತಣ್ಣಗಿನ ಜಾಗಕ್ಕೆ ಒಂದು ದಿನವೂ ತಲೆ ಕೆಡಿಸ್ಕೊಳ್ಳಲಿಲ್ಲ.

ಇನ್ನೊಂದು ತಮಾಷೆ. ಬಾಟ್ಲಿ ಕೈಯಲ್ಲಿ ಹಿಡಿದವರು ಕೂಡ ಅಂಗಡಿಯವರಿಗೆ ಹೇಳುದು, ಒಂದು ಬಿಂದು ಎಷ್ಟಾಯ್ತು ಅಂತ. ನನ್ನದೇ ಬಾಟ್ಲಿ, ನನ್ನದೇ ಲೇಬಲ್, ನಾನೇ ಎದುರು ನಿಂತಿದ್ದೇನೆ. ನಮ್ಮ ಕಡೆ ಜೀರಾ ಸೋಡಾ ಅಂದ್ರೆ ಬಿಂದು, ಅಷ್ಟೇ. ಒಬ್ಬರು ಅಜ್ಜಿ ಅಂತೂ, ಬಿಂದುವಿನ ಹೊಸ ಕವರಾ ಮಗ ಅಂತ ಕೇಳಿದ್ರು. ಹೌದಜ್ಜಿ ಅಂದೆ, ಮತ್ತೆಂತ ಹೇಳುದು. ಇಪ್ಪತ್ತು ವರ್ಷ ಪ್ರತಿ ಗೂಡಂಗಡಿಯಲ್ಲಿ, ಪ್ರತಿ ಜಾತ್ರೆಯಲ್ಲಿ, ಪ್ರತಿ ಮದುವೆ ಹಾಲಲ್ಲಿ ಕಣ್ಣಿಗೆ ಬಿದ್ದುಬಿದ್ದು ಆದ ಹೆಸರು ಅದು, ಹಣ ಕೊಟ್ಟು ಒಂದು ಸೀಸನಲ್ಲಿ ಆಗುವಂಥದ್ದಲ್ಲ.

ಆಮೇಲೆ ನೋಟ್‌ಬುಕ್ ತೆಗ್ದು ಹೊಸ ಪಟ್ಟಿ ಮಾಡಿದೆ, ಕಂಪನಿ ಫ್ರಿಡ್ಜ್ ಇಲ್ಲದ ಜಾಗ ಮಾತ್ರ. 43 ಸಿಕ್ಕಿತು. ಚರುಮುರಿ ಗಾಡಿಯವರು, ಕಬ್ಬಿನ ಹಾಲಿನವರು, ಶಾಲೆ ಎದುರಿನ ಗೂಡಂಗಡಿ, ಮೀನು ಮಾರ್ಕೆಟ್ ಹತ್ರದ ಕ್ಯಾಂಟೀನು, ಎಲ್ಲರೂ ಥರ್ಮಕೋಲ್ ಡಬ್ಬದಲ್ಲಿ ಐಸ್ ಹಾಕಿ ಇಡುವವರು. ಅವರಿಗೆ ಡಬ್ಬ ನಾನೇ ಕೊಟ್ಟೆ, ಮೇಲೆ ನಮ್ಮ ಸ್ಟಿಕ್ಕರ್ ಅಂಟಿಸಿ. ಫ್ರಿಡ್ಜ್ ಕೊಡುವ ಶಕ್ತಿ ಇಲ್ಲದವನ ಫ್ರಿಡ್ಜ್ ಅದು. ಮಾಲು ಹೋಗ್ಲಿಕ್ಕೆ ಶುರು ಆಯ್ತು ಮಾರಾಯ್ರೆ. ಚರುಮುರಿ ಖಾರ ತಿಂದವನಿಗೆ ಸಿಹಿ ಉಪ್ಪಿನ ಜೀರಾ ಸರಿ ಹೊಂದ್ತದೆ, ಇದನ್ನು ಯಾವ ಮಾರ್ಕೆಟಿಂಗ್ ಕೋರ್ಸಲ್ಲೂ ಹೇಳಿಕೊಡ್ಲಿಕ್ಕಿಲ್ಲ.

ಅದಕ್ಕಿಂತ ದೊಡ್ಡದು ಭೂತಕೋಲ, ನೇಮ, ಜಾತ್ರೆ, ಕಂಬಳ. ನಮ್ಮಲ್ಲಿ ಡಿಸೆಂಬರಿಂದ ಮೇ ತನಕ ಒಂದು ರಾತ್ರಿ ಖಾಲಿ ಇಲ್ಲ. ಕೋಲದಲ್ಲಿ ಜನ ಬೆಳಗಿನ ತನಕ ಇರ್ತಾರೆ, ಅನ್ನಸಂತರ್ಪಣೆಯಲ್ಲಿ ಗಟ್ಟಿ ಊಟ, ಊಟ ಕರಗ್ಲಿಕ್ಕೆ ಒಂದು ಜೀರಾ ಅಂತ ಜನರ ಲೆಕ್ಕ. ಲೇಬಲ್ ಮೇಲೆ ಜೀರ್ಣಕ್ಕೆ ಒಳ್ಳೇದು ಅಂತ ನಾವು ಬರೆಯುವ ಹಾಗಿಲ್ಲ, ಜನ ಹೇಳಿದ್ರೆ ನಮ್ಮದೇನು ತಕರಾರಿಲ್ಲ. ಕಮಿಟಿಯವರಿಗೆ ಒಂದು ಬ್ಯಾನರ್, 5 ಕೇಸ್ ಸ್ವಯಂಸೇವಕರಿಗೆ ಫ್ರೀ, ಸ್ಟಾಲ್ ಹಾಕುವವನಿಗೆ ರಾತ್ರಿ ಮಾಲು ಇಳಿಸಿ ಬೆಳಗ್ಗೆ ಉಳಿದದ್ದು ವಾಪಸ್. ಪುತ್ತೂರು ಜಾತ್ರೆ ಏಪ್ರಿಲ್ 10ರಿಂದ, 17ಕ್ಕೆ ರಥ. ಆ ವಾರ ನಾನು ಗದ್ದೆಯಲ್ಲಿ ಮೂರು ಸ್ಟಾಲಿಗೆ ಮಾಲು ಕೊಟ್ಟೆ, ಮಲಗಿದ್ದು ಪಿಕಪ್ಪಿನ ಹಿಂದೆ ಕೇಸುಗಳ ಮೇಲೆ. ಆ ವರ್ಷ ರಂಜಾನ್ ಕೂಡ ಮಾರ್ಚ್ ಕೊನೆಗೆ ಶುರು ಆಗಿ ಏಪ್ರಿಲ್‌ನಲ್ಲಿ ಮುಗಿದದ್ದು, ಸಂಜೆ ಉಪವಾಸ ಬಿಡುವ ಹೊತ್ತಿಗೆ ಪೇಟೆಯಲ್ಲಿ ತಂಪು ಯಾವುದಿಟ್ಟರೂ ಹೋಗ್ತದೆ, ಒಬ್ಬರು ಕಾಕ ದಿನಾ 6 ಕೇಸ್ ತಗೊಂಡು ಅಲ್ಲೇ ಕ್ಯಾಶ್ ಕೊಡ್ತಿದ್ರು. ಕ್ಯಾಶ್ ಕೊಟ್ಟವರನ್ನು ನಾನು ಮರೆಯುದಿಲ್ಲ, ಯಾಕಂದ್ರೆ ಉಳಿದವರೆಲ್ಲ ಕಡ. ಕಡ ಅಂದ್ರೆ ಬೇಸಿಗೆಯ ಹಣ ದೀಪಾವಳಿಗೆ.

ಆ ವರ್ಷ ಮಳೆಯೂ ತಡ, ಜೂನ್ ಎರಡನೇ ವಾರದವರೆಗೆ ಸೆಕೆ. ಊರೆಲ್ಲ ಬಾವಿ ಬತ್ತಿತು ಅಂತ ಬೊಬ್ಬೆ ಹೊಡೀವಾಗ ನಾನು ಒಳಗೊಳಗೆ ಇನ್ನೊಂದು ವಾರ ಅಂತ ಬೇಡ್ತಿದ್ದೆ, ಪಾಪ ತಟ್ಟಿತೋ ಏನೋ. ಮಳೆ ಬಂತು, ಮಾರನೇ ದಿನದಿಂದ ಸೊನ್ನೆ. ಕಡಿಮೆ ಆದದ್ದಲ್ಲ, ಸೊನ್ನೆ. ಕರಾವಳಿಯಲ್ಲಿ ಕೂಲ್‌ಡ್ರಿಂಕ್ಸ್ ಮಾಡುವವ ನಾಲ್ಕು ತಿಂಗಳು ಬಡ್ಡಿ ಮಾತ್ರ ಕಟ್ತಾನೆ. ಗೋಡೌನಲ್ಲಿ 600 ಕೇಸ್ ಇತ್ತು. ಸಣ್ಣ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಗ್ಯಾಸ್ ನಿಲ್ಲುದಿಲ್ಲ, ಬಾಟ್ಲಿ ಸಣ್ಣದಾದಷ್ಟು ಬೇಗ ಹೋಗ್ತದೆ, ನಾವು ಲೇಬಲಲ್ಲಿ ಹಾಕಿದ್ದೇ ಮೂರು ತಿಂಗಳು. ಸೆಪ್ಟೆಂಬರಲ್ಲಿ ಒಡೆದು ತೋಟದ ಚರಂಡಿಗೆ ಚೆಲ್ಲಿದ್ದು, ಮಗಳು ಕೂತು ಖಾಲಿ ಬಾಟ್ಲಿ ಲೆಕ್ಕ ಮಾಡಿದ್ಳು.

ಬುದ್ಧಿ ಬರ್ಲಿಲ್ಲ. ಎರಡನೇ ಬೇಸಿಗೆಗೆ ಹೊಸತು ಮಾಡುವ ಅಂತ ಪುನರ್ಪುಳಿ, ಅಂದ್ರೆ ಕೋಕಂ ಹಣ್ಣಿನ ಸೋಡಾ. ಜೀರಾದಲ್ಲಿ ಹೆಸರು ಬೇರೆಯವರದ್ದು, ಪುನರ್ಪುಳಿಯಲ್ಲಾದ್ರೂ ನಮ್ಮದಾಗ್ಲಿ ಅಂತ. ಹಣ್ಣಿನ ರಸ ಇಲ್ಲದೆ ಲೇಬಲ್ ಮೇಲೆ ಹಣ್ಣಿನ ಹೆಸರಲ್ಲಿ ಜನರನ್ನು ಮಂಗ ಮಾಡುವ ಹಾಗಿಲ್ಲ, ಗ್ಯಾಸ್ ಇರುವ ಹಣ್ಣಿನ ಡ್ರಿಂಕ್ ಅಂತ ಹೇಳ್ಬೇಕಾದ್ರೆ ರಸ ಕಡಿಮೆ ಅಂದ್ರೆ 10 ಪರ್ಸೆಂಟ್ ಬೇಕು, ಲಿಂಬೆಗೆ 5. ನಾವು ಊರಿನ ಪುನರ್ಪುಳಿಯನ್ನೇ ಹಾಕಿದ್ದು. ಬಣ್ಣ ಅಂದ್ರೆ ಬಣ್ಣ, ಮಾಣಿಕ್ಯದ ಹಾಗೆ. ಅಂಗಡಿ ಎದುರು ಬೆಳಕಿಗೆ ಇಟ್ಟು ಒಂದು ತಿಂಗಳಿಗೆ ತೊಳೆದ ರವಿಕೆ ಬಣ್ಣಕ್ಕೆ ತಿರುಗಿತು, ಆ ಕೆಂಪು ಬೆಳಕು ತಡೆಯುದಿಲ್ಲ. ಮತ್ತೊಂದು ಬ್ಯಾಚಲ್ಲಿ ಎಲ್ಲಿಂದಲೋ ಯೀಸ್ಟ್ ಸೇರಿ ಒಳಗೇ ಹುಳಿ ಬಂದು ಬಾಟ್ಲಿ ಕಲ್ಲಿನ ಹಾಗೆ ಗಟ್ಟಿ ಆದದ್ದು, ಮುಚ್ಚಳ ತೆರೆದ್ರೆ ಶೇಂದಿ ವಾಸನೆ. ಅದು ನಮ್ಮದೇ ತಪ್ಪು, ಪೈಪ್ ತೊಳೆಯುದರಲ್ಲಿ ಒಂದು ದಿನ ಸೋಮಾರಿತನ ಮಾಡಿದ್ದು. ಇಡೀ ಬ್ಯಾಚ್ ವಾಪಸ್ ತರಿಸಿದೆ, ಯಾರಿಗೂ ಎಂತ ಆಗ್ಲಿಲ್ಲ, ದೇವರು ದೊಡ್ಡವ.

ಅಷ್ಟರಲ್ಲಿ ರಿಲಯನ್ಸ್‌ನವರು ಕ್ಯಾಂಪಾ ವಾಪಸ್ ತಂದಿದ್ರು, 200 ಎಂಎಲ್ 10 ರೂಪಾಯಿ, ನನ್ನದೇ ಸೈಜು, ನನ್ನದೇ ರೇಟು. ಮಾವ ಕ್ಯಾಂಪಾ ಬಾಟ್ಲಿ ಕೈಯಲ್ಲಿ ಹಿಡ್ಕೊಂಡು ಹಳೇ ಫ್ರೆಂಡ್ ಸಿಕ್ಕಿದ ಹಾಗೆ ನೋಡ್ತಿದ್ರು, ಕುಡಿದೂ ಕುಡಿದ್ರು. ನನಗೆ ಸಿಟ್ಟು ಬರ್ಬೇಕಿತ್ತು, ನಗು ಬಂತು. 2024ರಲ್ಲಿ ಮಳೆ ಮೇ ಕೊನೆಗೇ ಬಂತು. ಜೂನ್ ಒಂದಕ್ಕೆ ಮಿಷನ್ ಬಂದ್ ಮಾಡಿದೆ, ಮತ್ತೆ ತೆರೆಯಲಿಲ್ಲ. ಲೋನ್ ಇನ್ನೂ ಸ್ವಲ್ಪ ಉಂಟು, ಅಡಿಕೆ ತೀರಿಸ್ತದೆ.

ಹುಡುಗರಿಗೆ ಇದೆಲ್ಲ ಹೇಳಿದ ಮೇಲೂ ಅವರು ಹೆದರಿದ ಹಾಗೆ ಕಾಣ್ಲಿಲ್ಲ. ಸೋಡಾ ತುಂಬಿಸುದು ನಾವು ಮಾಡುದಿಲ್ಲ ಅಣ್ಣ, ಬೇರೆ ಪ್ಲಾಂಟಲ್ಲಿ ಮಾಡಿಸ್ತೇವೆ, ನಾವು ಲೈನ್ ಮಾತ್ರ ನೋಡುದು ಅಂದ್ರು. ನನಗೆ ಎರಡು ಬೇಸಿಗೆ ಬೇಕಾಯ್ತು ಅಲ್ಲಿಗೆ ಬರ್ಲಿಕ್ಕೆ, ಇವರು ಬರುವಾಗಲೇ ಅಲ್ಲಿದ್ರು. ಥರ್ಮಕೋಲ್ ಡಬ್ಬ ಎಷ್ಟು ಉಳಿದಿದೆ ಅಂತ ಕೇಳಿದ್ರು, ಹನ್ನೊಂದು ಇತ್ತು, ಕೊಟ್ಟೆ. ಹೋಗುವಾಗ ಆ 43 ಅಂಗಡಿಯ ನೋಟ್‌ಬುಕ್ಕೂ ಕೊಟ್ಟೆ. ಕೆಂಪು ಪೆನ್ನಲ್ಲಿ ಗೆರೆ ಎಳೆದ ಕಡೆ ನನಗೆ ಇನ್ನೂ ಹಣ ಬರ್ಲಿಕ್ಕುಂಟು, ಸಿಕ್ಕಿದ್ರೆ ಅರ್ಧ ನೀವೇ ಇಟ್ಕೊಳ್ಳಿ ಅಂದಿದ್ದೇನೆ.